ಕಿಡಿಯನ್ನು ನುಂಗುವ ನಿರ್ವಾತ

ಬೆಳಗಾವಿಯಿಂದ ಖಾನಾಪುರದತ್ತ ಸಾಗುವ ರಸ್ತೆಯ ಪೀರನವಾಡಿಯೂ ಸೇರಿದಂತೆ ಈ ಸೀಮೆಗೆ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂ 11 ಕಿಲೋವೋಲ್ಟ್ ಮಾರ್ಗಗಳ ಮೂಲಕ ವಿದ್ಯುತ್ತನ್ನು ಹಂಚುತ್ತದೆ. ಮುಂಗಾರಿನಲ್ಲಿ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ, ಉಪಕೇಂದ್ರದ ಬೂದುಬಣ್ಣದ ಕಪಾಟುಗಳ, ಅಂದರೆ ಮಧ್ಯಮ ವೋಲ್ಟೇಜಿನ ಸ್ವಿಚ್‌ಗೇರಿನ, ಕುಶಲತೆ ಪ್ರಕಟವಾಗುತ್ತದೆ. ಹರಿಯುವ ಪ್ರವಾಹದ ಅಳತೆಗೆ ತಕ್ಕ ಕಿರುಪ್ರತಿಯನ್ನು ಕರೆಂಟ್ ಟ್ರಾನ್ಸ್‌ಫಾರ್ಮರ್ ಒದಗಿಸಿದರೆ, ಅದರ ಅತಿರೇಕವನ್ನು ಗುರುತಿಸುವ ರಿಲೇ ಎಂಬ ಕಾವಲು ಸಾಧನವು ಪ್ರವಾಹವನ್ನು ಕಡಿಯುವ ಬ್ರೇಕರಿಗೆ ಆಜ್ಞೆ ನೀಡುತ್ತದೆ. ಮೊದಲೇ ಬಿಗಿದಿಟ್ಟ ಸ್ಪ್ರಿಂಗು ‘ಠಳ್’ ಎಂದು ಬಿಚ್ಚಿಕೊಂಡು ತಾಮ್ರ-ಕ್ರೋಮಿಯಂ ಮಿಶ್ರಲೋಹದ ಸಂಪರ್ಕಗಳನ್ನು ಬೇರ್ಪಡಿಸುತ್ತದೆ.

ಆ ಅಂತರ ಸುಮಾರು ಒಂದು ಸೆಂಟಿಮೀಟರಿನಷ್ಟೇ. ಅಲ್ಲಿ ಹೊತ್ತುವ ಚಾಪಕ್ಕೆ, ಎಂದರೆ ಲೋಹದ ಆವಿಯ ಉರಿಗಿಡಿಗೆ, ಪಿಂಗಾಣಿ ಕೋಶದೊಳಗಿನ ನಿರ್ವಾತದಲ್ಲಿ ಆಸರೆಯಾಗಲು ಗಾಳಿಯೇ ಇರುವುದಿಲ್ಲ; 50 ಹರ್ಟ್ಜ್‌ನ ಪ್ರವಾಹವು ಸೆಕೆಂಡಿಗೆ 100 ಬಾರಿ ಶೂನ್ಯವನ್ನು ಮುಟ್ಟುವುದರಿಂದ, ಅಂಥದೊಂದು ಗಳಿಗೆಯಲ್ಲಿ ಆವಿ ಚದುರಿ, ಲೋಹಕ್ಕಂಟಿ, ಕಿಡಿ ಆರುತ್ತದೆ.

ಬ್ರೇಕರ್ ಮುಚ್ಚಿ ಪ್ರವಾಹ ಹರಿಯುತ್ತಿರುವಾಗ ಅದನ್ನು ಹೊತ್ತ ಗಾಲಿಬಂಡಿಯನ್ನು ಹೊರಗೆಳೆಯಲು ಬಿಡದ ಇಂಟರ್‌ಲಾಕ್ ಎಂಬ ಯಾಂತ್ರಿಕ ತಡೆಯೂ ಅಷ್ಟೇ ಮೆಚ್ಚತಕ್ಕದ್ದು, ಏಕೆಂದರೆ ಅದು ಕೆಲಸಗಾರನ ಮರೆವನ್ನೂ ಮುಂಗಂಡು ರೂಪುಗೊಂಡಿದೆ. ದೋಷವಿರುವ ಒಂದು ಮಾರ್ಗವನ್ನಷ್ಟೇ ಕತ್ತರಿಸಿ ಉಳಿದ ಊರುಗಳ ಬೆಳಕನ್ನು ಕಾಯುವ ಈ ಯಂತ್ರವು ವಿದ್ಯುತ್ ತಂತ್ರಜ್ಞಾನದ ಅತ್ಯಂತ ವಿವೇಕಯುತ ರಚನೆಗಳಲ್ಲೊಂದು.