ಪ್ರಶ್ನೆಪತ್ರಿಕೆಗೆ ಸಿಗದ ಬಿಪಿ

ಗರ್ಭಿಣಿಯರ ಏರು ರಕ್ತದೊತ್ತಡದ ಬಗ್ಗೆ ನರ್ಸುಗಳಿಗೆ ಎಷ್ಟು ಗೊತ್ತು? ನಮ್ಮ ನರ್ಸಿಂಗ್ ಕಾಲೇಜುಗಳ ಎಂ.ಎಸ್ಸಿ. ಪ್ರಬಂಧಗಳಿಗೆ ಇದು ಅಚ್ಚುಮೆಚ್ಚಿನ ವಿಷಯ. ವಿಧಾನವೂ ಹೆಚ್ಚುಕಡಿಮೆ ಒಂದೇ: ಮೊದಲೊಂದು ಪ್ರಶ್ನೆಪತ್ರಿಕೆ, ನಡುವೆ ಪಾಠ, ಕೆಲವು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆಪತ್ರಿಕೆ. ಅಂಕ ಏರುತ್ತದೆ. ಏರದೆ ಇನ್ನೇನಾದೀತು!

ಇಪ್ಪತ್ತು ವಾರ ದಾಟಿದ ಬಸುರಿಗೆ 140/90 ಬಂದರೆ ಎಚ್ಚರ, 160/110 ಆದರೆ ತುರ್ತು ಎಂಬುದು ಹೆರಿಗೆ ವಾರ್ಡಿನ ಸಿಸ್ಟರ್‌ಗಳಿಗೆ ಬಾಯಿಪಾಠ. ಕೊರತೆಯಿರುವುದು ಆ ಅಂಕಿ ಹುಟ್ಟುವ ಕಡೆ. ತಪಾಸಣೆಯ ದಿನ ಪಿಎಚ್‌ಸಿಯಲ್ಲಿ ನಿಂತು ನೋಡಿ. ಬಸ್ಸಿಳಿದು ಏದುಸಿರು ಬಿಡುತ್ತ ಬಂದವಳನ್ನು ಐದು ನಿಮಿಷ ಕೂರಿಸುವುದಿಲ್ಲ. ರವಿಕೆ ತೋಳಿನ ಮೇಲೇ ಪಟ್ಟಿ ಸುತ್ತುತ್ತಾರೆ. ಗಾಳಿ ಇಳಿಯುತ್ತಿರುವಾಗಲೇ ‘ಐರನ್ ಮಾತ್ರೆ ನುಂಗ್ತಿದೀಯೇನಮ್ಮ?’ ಎಂಬ ವಿಚಾರಣೆ. ತಾಯಿ ಕಾರ್ಡಿನಲ್ಲಿ ಸಾಲಾಗಿ 110/70, 120/80. ಎಲ್ಲವೂ ಸೊನ್ನೆಯಲ್ಲೇ ಮುಗಿಯುವುದನ್ನು ಕಂಡರೆ ನನಗೆ ಅಂದಾಜಿನ ವಾಸನೆ ಬಡಿಯುತ್ತದೆ. ಬಾಗಿಲಾಚೆಗೂ ಸಾಲು ನಿಂತಿರುವಾಗ ಒಬ್ಬಳೇ ಸಿಸ್ಟರ್ ಇನ್ನೆಷ್ಟು ಮಾಡಿಯಾಳು ಎಂಬುದೂ ನಿಜವೇ.

ಮ್ಯಾಗ್ನೀಸಿಯಂ ಸಲ್ಫೇಟ್ ಕತೆ ಇನ್ನೊಂದು. ಏರು ಬಿಪಿಯ ಬಸುರಿಗೆ ಫಿಟ್ಸ್ ಬರುವ ಸಂಭವವನ್ನು ಅದು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆಂದು 2002ರ ಮ್ಯಾಗ್‌ಪೈ ಅಧ್ಯಯನ ತೋರಿಸಿತು. ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಎರಡೂ ಪಿರ್ರೆಗೆ ಐದೈದು ಗ್ರಾಂ ಕೊಡಲು ಎಎನ್‌ಎಂಗೂ ಅನುಮತಿಯಿದೆ. ಆದರೂ ‘ಉಸಿರು ನಿಂತರೆ?’ ಎಂಬ ಅಳುಕು. ಅಳುಕಿಗೆ ಕಾರಣವಿದೆ, ಮದ್ದೂ ಇದೆ: ಮುಂದಿನ ಡೋಸಿಗೆ ಮೊದಲು ಮೊಣಕಾಲು ತಟ್ಟಿ ನೋಡಬೇಕು, ಉಸಿರು ನಿಮಿಷಕ್ಕೆ ಹದಿನಾರಕ್ಕಿಂತ ಕಡಿಮೆಯಿರಬಾರದು, ಮೂತ್ರ ಗಂಟೆಗೆ 30 ಮಿ.ಲೀ. ಆದರೂ ಹೋಗಬೇಕು. ಅತಿಯಾದರೆ ಕ್ಯಾಲ್ಸಿಯಂ ಗ್ಲುಕೋನೇಟ್. ಈ ಹೆಸರು ಬರೆದವರಿಗೆ ಪ್ರಶ್ನೆಪತ್ರಿಕೆ ಒಂದಂಕ ಕೊಡುತ್ತದೆ. ರಾತ್ರಿ ಪಾಳಿಯಲ್ಲಿ ಆ ಆಂಪೂಲ್ ಯಾವ ಟ್ರೇಯಲ್ಲಿದೆ, ಬೀರುವಿನ ಕೀಲಿ ಯಾರ ಬಳಿಯಿದೆ ಎಂದು ಕೇಳುವುದಿಲ್ಲ.

ಗರ್ಭಿಣಿಯರ ಏರು ಬಿಪಿ ಕುರಿತು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ ಕ್ಲಿಪ್ ಪ್ರಯೋಗದಲ್ಲಿ ತರಬೇತಿ ಪಡೆದ ಆಶಾ ಕಾರ್ಯಕರ್ತೆಯರೇ ಮನೆಬಾಗಿಲಿಗೆ ಹೋಗಿ ಬಿಪಿ ನೋಡಿದರು. ಪಾಕಿಸ್ತಾನ, ಮೊಜಾಂಬಿಕ್‌ಗಳನ್ನೂ ಸೇರಿಸಿ 2020ರಲ್ಲಿ ಬಂದ ಫಲಿತಾಂಶದಲ್ಲಿ ಒಟ್ಟಾರೆ ತಾಯಿ-ಮಕ್ಕಳ ಸಾವುನೋವು ಮಾತ್ರ ತಗ್ಗಿರಲಿಲ್ಲ. ಕಲಿಸುವುದರ, ಅಳೆಯುವುದರ ಮಿತಿ ನಮ್ಮ ನೆಲದಲ್ಲೇ ಕಂಡಿದೆ. ಹೀಗಿರುವಾಗ ಮತ್ತೊಂದು ‘ಜ್ಞಾನ ಮಟ್ಟ’ದ ಪ್ರಬಂಧ ನಮಗೆ ಬೇಕಿಲ್ಲ. ಮಾರ್ಗದರ್ಶಕರು ತಮ್ಮ ವಿದ್ಯಾರ್ಥಿಗಳ ಪ್ರಶ್ನೆಪತ್ರಿಕೆ ಪಕ್ಕಕ್ಕಿಡಿಸಿ, ಗಡಿಯಾರ ಕೊಟ್ಟು ವಾರ್ಡಿಗೆ ಕಳಿಸಲಿ: 160/110 ಕಂಡ ಕ್ಷಣದಿಂದ ಮೊದಲ ಔಷಧಿ ಒಳಹೋಗುವವರೆಗೆ ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಂಡು ಬರಲಿ.