ಭೂತಾಳ ಪಾಂಡ್ಯನ ಕಥೆಯೂ ಬಾರಕೂರಿನ ವಾಣಿಜ್ಯವೂ

ಬ್ರಹ್ಮಾವರದ ಸಮೀಪದಲ್ಲಿ, ಸೀತಾನದಿಯ ದಡದಲ್ಲಿರುವ ಬಾರಕೂರಿನ ಪೂರ್ವವೈಭವವನ್ನು ಹೇಳುವವರು ಭೂತಾಳ ಪಾಂಡ್ಯನ ಕಥೆಯಿಂದ ತೊಡಗುವುದು ವಾಡಿಕೆ. ದೇವಪಾಂಡ್ಯನು ಸರಕು ತುಂಬಿದ ಹೊಸ ಹಡಗುಗಳನ್ನು ಸಾಗಿಸಹೊರಟಾಗ ಕುಂಡೋದರನೆಂಬ ಭೂತವು ನರಬಲಿಯನ್ನು ಬೇಡಿತು. ರಾಣಿಯು ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ. ಅರಸನ ತಂಗಿಯು ತನ್ನ ಮಗನನ್ನು ಒಪ್ಪಿಸಿದಳು. ಭೂತವು ಮೆಚ್ಚಿ ಅವನನ್ನು ಉಳಿಸಿತು. ಮುಂದೆ ಬಾರಕೂರಿನ ಅರಸನಾದ ಆತನೇ ಅಳಿಯಸಂತಾನವನ್ನು ವಿಧಿಸಿದನೆಂಬುದು ಕಥಾಸಾರ. ಅವನ ಹೆಸರಿನ ಕಟ್ಟುಕಟ್ಟಳೆಯು ನ್ಯಾಯಾಲಯಗಳಲ್ಲಿಯೂ ಉಲ್ಲೇಖಗೊಂಡುದರಿಂದ ಈ ಕಥೆಯ ಪ್ರಾಮಾಣ್ಯವನ್ನು ವಿಚಾರಿಸುವುದು ಅವಶ್ಯವಾಗಿದೆ.

ಕಾಲನಿರ್ಣಯಕ್ಕೆ ಈ ಕಥೆಯು ಒದಗದು. ಅದು ತನ್ನ ನಾಯಕನನ್ನು ಕ್ರಿಸ್ತಶಕದ ಆದಿಭಾಗಕ್ಕೆ ಒಯ್ಯುತ್ತದೆ. ಅವನನ್ನು ಸಮರ್ಥಿಸುವ ಶಾಸನವಿಲ್ಲ. ಶಾಸನಗಳಲ್ಲಿ ಕಾಣುವವರು ಆಳುಪರು, 14ನೆಯ ಶತಮಾನದ ಮಧ್ಯದಿಂದೀಚೆಗೆ ವಿಜಯನಗರದ ಅಧಿಕಾರಿಗಳು. ಆಳುಪರು ಪಾಂಡ್ಯರೆಂಬ ಬಿರುದನ್ನು ಧರಿಸಿದ್ದರು. ಕಥೆಯ ಹೆಸರು ಆ ಸ್ಮೃತಿಯಿಂದ ಬಂದಿರಬಹುದು.

ಆದರೂ ಕಥೆಯು ನಿಸ್ಸಾರವಲ್ಲ. 1342ರ ಸುಮಾರಿನಲ್ಲಿ ಬಾರಕೂರನ್ನು ಕಂಡ ಇಬ್ನ್ ಬತೂತನು ಇಲ್ಲಿಯ ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದುವೆಂದೂ, ಹಾದುಹೋಗುವ ಹಡಗುಗಳು ಬಂದರಿನ ಹಕ್ಕೆಂದು ಕಾಣಿಕೆ ಸಲ್ಲಿಸಬೇಕಾಗಿತ್ತೆಂದೂ, ತಪ್ಪಿದರೆ ಬಲಾತ್ಕಾರವಾಗಿ ಹಿಡಿತಂದು ಇಮ್ಮಡಿ ವಸೂಲು ಮಾಡುತ್ತಿದ್ದರೆಂದೂ ಬರೆದಿರುವನು. ಸಲ್ಲತಕ್ಕುದು ಸಲ್ಲದೆ ಹಡಗು ಮುಂದೆ ಸಾಗದೆಂಬ ಅನುಭವವನ್ನು ಕಥೆಯ ಭೂತವೂ ಚರಿತ್ರೆಯ ಅರಸನೂ ಸಮಾನವಾಗಿ ಸೂಚಿಸುತ್ತಾರೆ.

ಕಥೆಯ ದೋಷವು ಬೇರೊಂದೆಡೆಯಲ್ಲಿದೆ. ಅದು ಪಟ್ಟಣವನ್ನೆಲ್ಲ ಒಂದು ರಾಜಕುಟುಂಬದಲ್ಲಿ ಅಡಗಿಸಿ, ಪಟ್ಟಣವನ್ನು ನಡೆಸಿದವರನ್ನು ಮರೆಯುತ್ತದೆ. ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಮೊದಲಾದ ಹತ್ತು ಕೇರಿಗಳೂ, ಶಾಸನೋಕ್ತರಾದ ಸೆಟ್ಟಿಕಾರರೂ ಹಲರೂ ಕಥೆಯಲ್ಲಿಲ್ಲ. ಊರಿನ ಹೆಸರಿನಿಂದಲೇ ನಡೆದ ಬಾರಕೂರ ಗದ್ಯಾಣವಿಲ್ಲ. ಮುಖ್ಯವಾಗಿ ಅಕ್ಕಿಯಿಲ್ಲ. 16ನೆಯ ಶತಮಾನದ ಆದಿಯಲ್ಲಿ ಬಾರ್ಬೋಸನು ಬಾರಕೂರು, ಬಸರೂರುಗಳ ರೇವುಗಳಿಂದ ಅಕ್ಕಿಯು ಮಲಬಾರಿಗೂ, ಹೋರ್ಮುಜ್, ಏಡನ್‌ಗಳಿಗೂ ಹೋಗುತ್ತಿತ್ತೆಂದು ಬರೆದಿದ್ದಾನೆ. ಕುಂದಾಪುರದ ಬಳಿಯ ಬಸರೂರು ರಾಜಧಾನಿಯಾಗದೆಯೇ ವಾರಾಹೀನದಿಯ ಆಶ್ರಯದಲ್ಲಿ ಬೆಳೆದ ಪಟ್ಟಣ. 1665ರಲ್ಲಿ ಶಿವಾಜಿಯು ಕಡಲಿನಿಂದ ಬಂದು ಕೊಳ್ಳೆಹೊಡೆಯುವಷ್ಟು ಅದರ ಸಂಪತ್ತು ಪ್ರಸಿದ್ಧವಾಗಿತ್ತು. ಪಟ್ಟಣದ ಏಳಿಗೆಗೆ ಅರಸನ ಗದ್ದುಗೆಗಿಂತ ನದಿಯೂ ಗದ್ದೆಯೂ ವರ್ತಕರ ಕೂಟವೂ ಹೆಚ್ಚು ಅವಶ್ಯವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದುದರಿಂದ ಭೂತಾಳ ಪಾಂಡ್ಯನ ಕಥೆಯನ್ನು ಕಾವ್ಯವೆಂದು ಆದರಿಸುವುದು ಯುಕ್ತ. ಶಾಸನದ ಸ್ಥಾನದಲ್ಲಿ ಕುಳ್ಳಿರಿಸುವುದು ಯುಕ್ತವಲ್ಲ. ಬಲಿಗೆ ನಿಂತ ಬಾಲಕನನ್ನು ನೆನೆಯುವ ನಾಡು ಅಕ್ಕಿಯ ಮುಡಿ ಕಟ್ಟಿದವರನ್ನೂ ದೋಣಿಗೆ ಹೊತ್ತವರನ್ನೂ ನೆನೆದರೆ ಮಾತ್ರ ಬಾರಕೂರಿನ ಚರಿತ್ರೆಯು ಪೂರ್ಣವಾದೀತು.