ದನಿ ಯಾರದು, ಹಾಡು ಯಾರದು?

2008ರ ಮೇ ತಿಂಗಳು. ಬೆಳಗಿನ ಮತ್ಸ್ಯಗಂಧದಲ್ಲಿ ಊರಿನಿಂದ ಬಂದ ನನ್ನ ಭಾವ ಕುರ್ಲಾ ಟರ್ಮಿನಸ್‌ನಲ್ಲಿ ಇಳಿದಾಗ ಅವರ ಕೈಯಲ್ಲಿ ಕುಚ್ಚಲಕ್ಕಿಯ ಚೀಲ, ಹಲಸಿನ ಹಪ್ಪಳದ ಕಟ್ಟು, ಮತ್ತೊಂದು ವಿಸಿಡಿ ಇತ್ತು. ಆ ಎರಡು ವರ್ಷಗಳಲ್ಲಿ ಕರ್ನಾಟಕವನ್ನು ಹುಚ್ಚು ಹಿಡಿಸಿದ್ದ ಕನ್ನಡ ಸಿನಿಮಾ ಹಾಡುಗಳ ವಿಡಿಯೋ ಸಂಗ್ರಹ ಅದು. ಅಸಲಿಯೋ ನಕಲಿಯೋ ಎಂದು ನಾನು ಕೇಳಲಿಲ್ಲ. ಬ್ಯಾಂಕಿನಲ್ಲಿ ದಿನವಿಡೀ ನೋಟು ಪರೀಕ್ಷಿಸುವವನಿಗೆ ಮನೆಯಲ್ಲಾದರೂ ಅದರಿಂದ ರಜೆ ಬೇಡವೇ?

ಆ ಸಂಜೆ ಕುರ್ಲಾ ಪೂರ್ವದ ನಮ್ಮ ಎರಡು ಕೋಣೆಯ ಮನೆಯಲ್ಲಿ ಹತ್ತು ಜನ ಸೇರಿದೆವು. ನಮ್ಮ ಮನೆಮಾತು ತುಳು. ಕೆಳಗಿನ ಮನೆಯವರು ವಿಜಾಪುರ ಕಡೆಯ ಕಟ್ಟಡ ಗುತ್ತಿಗೆದಾರರು, ಅವರದು ಗಟ್ಟಿ ಬಯಲುಸೀಮೆಯ ಕನ್ನಡ. ಹದಿನೈದು ವರ್ಷದ ನನ್ನ ಮಗಳದು ಇಂಗ್ಲಿಷ್, ಹಿಂದಿ, ಮರಾಠಿ ಮತ್ತು ಸ್ವಲ್ಪ ತುಳು. ಕನ್ನಡ ಓದಲು ಬಾರದು. ಇಂಥ ಸಭೆಗೆ ‘ಅನಿಸುತಿದೆ ಯಾಕೋ ಇಂದು’ ಶುರುವಾಯಿತು. ಮಾತು ನಿಂತಿತು. ಹಾಡು ಮುಗಿದ ಕೂಡಲೇ ಜಗಳ ಹತ್ತಿಕೊಂಡಿತು.

“ಗಣೇಶ್ ಹಾಡು ಅಂದ್ರೆ ಹಾಡು ಮಾರಾಯ್ರೆ” ಎಂದರು ಭಾವ. “ಏನ್ ಗಣೇಶ್ರೀ? ಹಾಡಿದಾಂವ ಸೋನು ನಿಗಮ್ ಅದಾನ. ನಮ್ಮ ಮುಂಬೈ ಹುಡುಗ” ಎಂದರು ವಿಜಾಪುರದವರು. ನಾನು ಮಾತ್ರ, ಹಾಡು ಬರೆದವರ ಕಥೆಗಳನ್ನು ಓದಿಕೊಂಡವನೆಂಬ ಜಂಬದಿಂದ, “ಅದು ಜಯಂತ ಕಾಯ್ಕಿಣಿ ಹಾಡು” ಎಂದೆ. ಮಗಳು ಯಾರ ಪಕ್ಷವನ್ನೂ ವಹಿಸಲಿಲ್ಲ. ರಿಮೋಟು ಒತ್ತಿ ಅದೇ ಹಾಡನ್ನು ಮತ್ತೊಮ್ಮೆ ಹಾಕಿದಳು.

ಹಾಡು ಯಾರದು ಎಂಬ ಆ ದಿನದ ಜಗಳ ಹದಿನೇಳು ವರ್ಷಗಳ ನಂತರ ಬೇರೆಯೇ ರೂಪದಲ್ಲಿ ಎದುರಾದೀತೆಂದು ನಾನು ಎಣಿಸಿರಲಿಲ್ಲ. ಅದನ್ನು ಹೇಳುವ ಮೊದಲು ಹಾಡುಗಳ ಗುಣದೋಷವನ್ನೇ ನೋಡೋಣ. ಅಭಿಮಾನ ಮತ್ತು ಕೋಪ ಎರಡೂ ಏರಿದಾಗ ಹಾಡನ್ನು ಕೇಳುವವರು ಯಾರೂ ಉಳಿಯುವುದಿಲ್ಲ.

‘ಮುಂಗಾರು ಮಳೆ’ 2006ರ ಡಿಸೆಂಬರ್ ಕೊನೆಗೆ ಬಂದ ಚಿತ್ರ. ನಿರ್ದೇಶಕರು ಯೋಗರಾಜ್ ಭಟ್, ಸಂಗೀತ ಮನೋಮೂರ್ತಿ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಅದು ಒಂದು ವರ್ಷವನ್ನೂ ಮೀರಿ ಓಡಿತು. ಕನ್ನಡದವರೆಲ್ಲ ತಮ್ಮ ಮಣ್ಣಿನ ಹಾಡೆಂದು ಎದೆಗವಚಿಕೊಂಡ ‘ಅನಿಸುತಿದೆ’ಯ ಹುಟ್ಟಿನ ಲೆಕ್ಕವನ್ನು ಸ್ವಲ್ಪ ತೆಗೆದು ನೋಡಿ. ರಾಗ ಹಾಕಿದ ಮನೋಮೂರ್ತಿ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಉದ್ಯಮ ಕಟ್ಟಿದವರು, ಅದಕ್ಕೂ ಮೊದಲು 1997ರ ‘ಅಮೆರಿಕ ಅಮೆರಿಕ’ಕ್ಕೆ ಸಂಗೀತ ಕೊಟ್ಟವರು. ಪದ ಬರೆದ ಕಾಯ್ಕಿಣಿ ಗೋಕರ್ಣದವರಾದರೂ ಎರಡು ದಶಕಗಳಷ್ಟು ಕಾಲ ಮುಂಬಯಿಯಲ್ಲಿದ್ದು, ಔಷಧ ಕಂಪೆನಿಯಲ್ಲಿ ದುಡಿದು, ಇಲ್ಲಿನ ಲೋಕಲ್ ಗಾಡಿ, ಚಾಳು, ಇರಾನಿ ಹೋಟೆಲುಗಳನ್ನು ಕನ್ನಡ ಕಥೆಗೆ ತಂದವರು. ಆ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ನೇ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಪ್ರಶಸ್ತಿ ಬಂತು. ಹಾಡಿದ ಸೋನು ನಿಗಮ್ ಹರಿಯಾಣದ ಫರೀದಾಬಾದಿನಲ್ಲಿ ಹುಟ್ಟಿ, ಹೊಟ್ಟೆಪಾಡಿಗೆ ಮುಂಬಯಿಗೆ ಬಂದವರು. ಅಂದರೆ ಊರವರನ್ನು ಮರುಳು ಮಾಡಿದ ಈ ಹಾಡಿನಲ್ಲಿ ಊರು ಬಿಟ್ಟವರ ಪಾಲೇ ದೊಡ್ಡದು. ಪರವೂರಲ್ಲಿರುವ ನಮಗೆ ಅದು ನೇರವಾಗಿ ನಾಟಿದ್ದರಲ್ಲಿ ಆಶ್ಚರ್ಯವೇನಿದೆ?

ಇನ್ನು ದನಿ. ನಮ್ಮ ತಲೆಮಾರಿನ ಕಿವಿ ಪಳಗಿದ್ದು ಪಿ.ಬಿ. ಶ್ರೀನಿವಾಸ್, ರಾಜಕುಮಾರ್, ಎಸ್ಪಿಬಿಯವರಲ್ಲಿ. ಅವರು ಅಕ್ಷರವನ್ನು ಪೂರ್ತಿ ಬಾಯಿಬಿಟ್ಟು ಹೇಳುವವರು. ಸೋನು ಹಾಗಲ್ಲ, ಮೈಕಿನ ಹತ್ತಿರ ಬಂದು ಅರ್ಧ ದನಿಯಲ್ಲಿ, ಉಸಿರು ಸೇರಿಸಿ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಶುರು ಮಾಡುತ್ತಾರೆ. ‘ಯಾಕೋ’ ಎನ್ನುವ ಮಾತೇ ಖಚಿತವಿಲ್ಲದ ಮಾತು. ಅದನ್ನು ಎದೆ ಸೆಟೆದು ಹಾಡಿದರೆ ಕೆಟ್ಟುಹೋಗುತ್ತದೆ. ಆ ಅನುಮಾನವನ್ನು ದನಿಯಲ್ಲೇ ಇಟ್ಟದ್ದು ಅವರ ದೊಡ್ಡ ಗುಣ. ‘ಮಿಲನ’ದ ‘ನಿನ್ನಿಂದಲೇ’ಯಲ್ಲಿ, ‘ಗಾಳಿಪಟ’ದ ‘ಮಿಂಚಾಗಿ ನೀನು ಬರಲು’ ಹಾಡಿನಲ್ಲಿಯೂ ಇದೇ ಗುಣ. 2009ರಲ್ಲಿ ಇದೇ ಮೂವರು ಕೂಡಿ ಸಿನಿಮಾದ ಹಂಗಿಲ್ಲದ ‘ನೀನೇ ಬರೀ ನೀನೇ’ ಎಂಬ ಆಲ್ಬಮ್ ಮಾಡಿದಾಗ, ನಟನ ಹೆಸರಿನ ನೆರಳಿಲ್ಲದೆ ಬರೀ ಗಾಯಕನ ಹೆಸರಿನಲ್ಲೂ ಕನ್ನಡ ಹಾಡು ನಿಲ್ಲಬಲ್ಲದು ಎಂದಾಯಿತು.

ದೋಷವನ್ನೂ ಹೇಳಬೇಕು. ನಾಗರಿ ಲಿಪಿಯ ಹಿಂದಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳಿಗೆ ಬೇರೆ ಬೇರೆ ಅಕ್ಷರವಿಲ್ಲ. ‘ಳ’ ಮರಾಠಿಗೆ ಇದೆ, ಹಿಂದಿಗೆ ಇಲ್ಲ. ಹಿಂದಿಯ ನಾಲಗೆಗೆ ‘ಎಲೆ’ಯೂ ‘ಏಲೆ’ ಆಗುವುದು ಸಹಜ. ಸೋನು ಇದರಲ್ಲಿ ಬೇರೆ ಹಲವರಿಗಿಂತ ಎಷ್ಟೋ ವಾಸಿ. ಆದರೂ ಕಿವಿಗೊಟ್ಟು ಕೇಳಿದರೆ ಅಲ್ಲಲ್ಲಿ ಸ್ವರ ಎಳೆಯುತ್ತದೆ, ‘ಳ’ ಮೆತ್ತಗಾಗುತ್ತದೆ. ಹೊರಗಿನವರು ಹಾಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಎಸ್ಪಿಬಿ, ಎಸ್. ಜಾನಕಿ ಇಬ್ಬರ ಮನೆಮಾತೂ ತೆಲುಗು. ಎಸ್ಪಿಬಿಗೆ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಕನ್ನಡಿಗರು ಮನೆಮಗನಿಗೆ ಬಂದಷ್ಟೇ ಸಂತೋಷಪಟ್ಟರು. ಅವರು ಭಾಷೆಯನ್ನು ಕಲಿತರು. ನಮ್ಮವರ ತಕ್ಕಡಿ ಯಾವತ್ತೂ ಹುಟ್ಟನ್ನು ತೂಗಿದ್ದಲ್ಲ, ಕಲಿಕೆಯನ್ನು ತೂಗಿದ್ದು.

ಇನ್ನು ವಿಡಿಯೋ. ಇಲ್ಲಿ ನನ್ನ ತಕರಾರು ಜಾಸ್ತಿ. ಸಿನಿಮಾದಲ್ಲಿ ಹಾಡಿನ ಹಿಂದೆ ಮುಂದೆ ಕಥೆ ಇರುತ್ತದೆ. ‘ಮುಂಗಾರು ಮಳೆ’ಯ ಪ್ರೀತಮ್‌ಗೆ ಹುಡುಗಿ ಕೊನೆಗೂ ಸಿಗುವುದಿಲ್ಲ, ಅವನೇ ಬಿಟ್ಟುಕೊಡುತ್ತಾನೆ. ಅದು ಗೊತ್ತಿದ್ದವರಿಗೆ ಆ ಹಾಡಿನ ಸಂತೋಷದ ಅಡಿಯಲ್ಲಿ ಒಂದು ನೋವು ಕೇಳಿಸುತ್ತದೆ. ಸಂಗ್ರಹಕ್ಕೆ ಕತ್ತರಿಸಿ ಹಾಕಿದಾಗ ಕಥೆ ಬಿದ್ದುಹೋಗಿ ಬರೀ ಹಸಿರು ಗುಡ್ಡ, ಮಂಜು, ಮಳೆ, ಓಡುವ ಹುಡುಗಿ ಉಳಿಯುತ್ತದೆ. ಹನ್ನೆರಡು ಹಾಡು ಸಾಲಾಗಿ ನೋಡಿದರೆ ಯಾರಿಗೂ ಉದ್ಯೋಗವಿಲ್ಲ, ಬಾಡಿಗೆ ಕೊಡುವ ಚಿಂತೆಯಿಲ್ಲ, 8.12ರ ಗಾಡಿ ತಪ್ಪುವ ಭಯವಿಲ್ಲ. ಕಾಯ್ಕಿಣಿಯವರ ಕಥೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸವಿದೆ. ಅವರ ಹಾಡಿಗೆ ಚಿತ್ರ ಕಟ್ಟಿದವರು ಮಾತ್ರ ಎಲ್ಲರಿಗೂ ಖಾಯಂ ರಜೆ ಕೊಟ್ಟುಬಿಟ್ಟರು.

ಮಳೆಯದ್ದೂ ಹಾಗೆಯೇ. ಆ ಸಂಜೆ ಪರದೆ ಮೇಲೆ ಮಳೆ ಸುರಿಯುತ್ತಿದ್ದಾಗ ನನ್ನ ಹೆಂಡತಿ ಎದ್ದು ಒಳಗೆ ಹೋದಳು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಿತ್ತು. ಮೀಠಿ ನದಿ ಉಕ್ಕಿ ಕುರ್ಲಾದ ತಗ್ಗು ಪ್ರದೇಶಗಳು ಮುಳುಗಿದ್ದವು. ಆ ರಾತ್ರಿ ನಾನು ಬ್ಯಾಂಕಿನಿಂದ ಎದೆಮಟ್ಟದ ನೀರಲ್ಲಿ ನಡೆದು ಬಂದದ್ದು ಬೆಳಗಿನ ಜಾವಕ್ಕೆ. ಅಲ್ಲಿಯವರೆಗೆ ನಾನು ಬದುಕಿದ್ದೇನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. “ಇವರಿಗೆ ಮಳೆ ಅಂದ್ರೆ ಕುಣಿಯುದು” ಎಂದು ಅಡಿಗೆಮನೆಯಿಂದಲೇ ಹೇಳಿದಳು. ಆ ಸಂಗ್ರಹದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು. ಆದರೂ ಪಾತ್ರೆ ತೊಳೆಯುತ್ತ ಅವಳು ಗುನುಗಿದ್ದು ಅದೇ ಹಾಡನ್ನು! ಚಿತ್ರ ಸುಳ್ಳೆನಿಸಿದರೂ ದನಿ ನಿಜವೆನಿಸುತ್ತದೆ. ಜನಪ್ರಿಯ ಹಾಡಿನ ಗುಟ್ಟು ಇಷ್ಟೇ ಇರಬಹುದು.

ಆ ವಿಸಿಡಿ ಗೀರು ಬಿದ್ದು ನಿಂತುಹೋಗುವವರೆಗೂ ಮಗಳು ನೋಡಿದಳು. ಹಾಡುಗಳನ್ನು ನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದಳು. ಪ್ರತಿ ಪದಕ್ಕೂ “ಪಪ್ಪಾ, ಇದರ ಅರ್ಥ ಎಂತ?” ಎಂದು ಕೇಳುತ್ತಿದ್ದಳು. ನಾನು ಎಷ್ಟು ಸಲ ಕೂರಿಸಿಕೊಂಡು ಅಆಇಈ ಹೇಳಿಕೊಟ್ಟರೂ ಬಾರದ ಕನ್ನಡ ಹೀಗೆ ಬಂತು. ಅವಳ ಕನ್ನಡದಲ್ಲಿ ಇವತ್ತಿಗೂ ಕೆಲವು ಎಕಾರ ಉದ್ದವಾಗುತ್ತವೆ. ಎಲ್ಲಿಂದ ಬಂದದ್ದೆಂದು ನನಗೆ ಗೊತ್ತು.

ಈಗ 2025ಕ್ಕೆ ಬರೋಣ. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಮೂರೇ ದಿನದ ನಂತರ ಬೆಂಗಳೂರಿನ ಕಾಲೇಜೊಂದರಲ್ಲಿ ಸೋನು ನಿಗಮ್ ಹಾಡುತ್ತಿದ್ದಾಗ ಒಬ್ಬ ಹುಡುಗ ಕನ್ನಡ ಹಾಡು ಬೇಕೆಂದು ಜೋರಾಗಿ ಕೂಗಿದ. ತನ್ನ ಜೀವನದ ಉತ್ತಮ ಹಾಡುಗಳು ಕನ್ನಡದವೇ ಎಂದು ಅದೇ ವೇದಿಕೆಯಲ್ಲಿ ಹೇಳಿದ ಗಾಯಕರು, ಹುಡುಗ ಬೆದರಿಸುವ ಹಾಗೆ ಕೇಳಿದನೆಂದು ಸಿಟ್ಟಾಗಿ, ಪಹಲ್ಗಾಮ್‌ನಲ್ಲಿ ಆದದ್ದಕ್ಕೆ ಇಂಥದ್ದೇ ಕಾರಣ ಎಂಬರ್ಥದ ಮಾತಾಡಿಬಿಟ್ಟರು. ಪೊಲೀಸ್ ದೂರಾಯಿತು. ಫಿಲಂ ಚೇಂಬರ್ ಅಸಹಕಾರದ ತೀರ್ಮಾನ ತೆಗೆದುಕೊಂಡಿತು. ಒಂದು ಚಿತ್ರತಂಡ ಅವರು ಹಾಡಿದ್ದ ಹಾಡನ್ನು ಕೈಬಿಟ್ಟಿತು. ಮೇ ತಿಂಗಳಲ್ಲಿ ಅವರು ಕ್ಷಮೆ ಕೇಳಿದರು. ಬಲವಂತದ ಕ್ರಮ ಬೇಡವೆಂದು ಹೈಕೋರ್ಟ್ ರಕ್ಷಣೆ ನೀಡಿತು.

ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಅವರ ಮಾತು ತಪ್ಪು, ಸಣ್ಣ ತಪ್ಪಲ್ಲ. ಕನ್ನಡದ ಊರಿನಲ್ಲಿ ಕನ್ನಡ ಹಾಡು ಕೇಳುವುದನ್ನು ಕೊಲೆಗಡುಕರ ಕೃತ್ಯದ ಪಕ್ಕದಲ್ಲಿ ಇಡುವುದು ಯಾವ ಲೆಕ್ಕಕ್ಕೂ ಕೂಡದ್ದು. ಯಾವ ಭಾಷೆಯವರು ಮೂರು ದಶಕದಿಂದ ತಲೆಮೇಲೆ ಹೊತ್ತರೋ ಅವರ ಮುಂದೆ ಆಡುವ ಮಾತಂತೂ ಅಲ್ಲ.

ಆದರೆ ನಾನು ಕುರ್ಲಾದವನು. ಹುಡುಗನ ಕೂಗು ನನಗೆ ಎರಡು ಕಿವಿಯಲ್ಲಿ ಎರಡು ತರ ಕೇಳಿಸುತ್ತದೆ. 1980ರ ದಶಕದಲ್ಲಿ ಕೌಂಟರಿನಲ್ಲಿ ಕೂತ ಮೊದಲ ವಾರವೇ ಒಬ್ಬರು ಪಾಸ್‌ಬುಕ್ ಎಸೆದು “ಮರಾಠಿ ಯೇತ್ ನಾಹೀ ಕಾ?” ಎಂದು ಗದರಿದರು. ಆ ದಿನ ನಾನು ಒಂದಕ್ಷರ ಮರಾಠಿ ಕಲಿಯಲಿಲ್ಲ. ಕಲಿತದ್ದು ಪ್ರತಿ ತಿಂಗಳು ಪಿಂಚಣಿಗೆ ಬರುತ್ತಿದ್ದ ಒಬ್ಬ ಅಜ್ಜಿಯಿಂದ. ನನ್ನ ತಪ್ಪು ಮರಾಠಿ ಕೇಳಿ ನಕ್ಕು, ತಿದ್ದಿ, ಮುಂದಿನ ತಿಂಗಳು ಅದನ್ನೇ ಮತ್ತೆ ಹೇಳಿಸುತ್ತಿದ್ದರು. ಇಬ್ಬರೂ ಕೇಳಿದ್ದು ಒಂದೇ. ಇಬ್ಬರಿಗೂ ಕೇಳುವ ಹಕ್ಕಿತ್ತು. ಫಲ ಕೊಟ್ಟದ್ದು ಒಬ್ಬರದು. ಹಾಗೆಂದು ಗದರಿದವರನ್ನು ನಾನು ಕೊಲೆಗಾರರಿಗೆ ಹೋಲಿಸಿದ್ದರೆ ಈ ಊರಿನ ಅನ್ನ ನನಗೆ ದಕ್ಕುತ್ತಿತ್ತೇ?

ಆ ಮೇ ತಿಂಗಳಲ್ಲಿ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. ಈಗ ಅವಳ ಕೆಲಸ ಅಲ್ಲೇ. ಅವಳ ಉದ್ದ ಎಕಾರ ಕೇಳಿ ಆಟೋದವರು ಹಿಂದಿಯಲ್ಲಿ ಉತ್ತರಿಸುತ್ತಾರೆ. “ನಾನು ಕನ್ನಡದವಳು ಅಂದ್ರೆ ನಗ್ತಾರೆ ಪಪ್ಪಾ” ಎಂದು ಮೊದಲೇ ಹೇಳಿದ್ದಳು. ಈ ಸಲ, ಆಫೀಸಿನ ಗೆಳತಿಯರು ಆ ಹಾಡುಗಳನ್ನೆಲ್ಲ ಫೋನಿನಿಂದ ಅಳಿಸಿದ್ದಾರಂತೆ. “ನಾನೂ ತೆಗೀಬೇಕಾ? ನನ್ನ ಕನ್ನಡ ಶುರುವಾದದ್ದೇ ಅದ್ರಿಂದ ಅಲ್ವಾ?” ಎಂದು ಕೇಳಿದಳು.

ಕೂಡಲೇ ಉತ್ತರ ಹೊಳೆಯಲಿಲ್ಲ. ಗಾಯಕನ ಮೇಲಿನ ಸಿಟ್ಟಿಗೆ ಹಾಡನ್ನು ಅಳಿಸುವುದೆಂದರೆ ಯಾರ ಖಾತೆಗೆ ನಷ್ಟ? ‘ನಿನ್ನಿಂದಲೇ’ ಹಾಕಿದಾಗ ಕಾಣುವ ಮುಖ ಪುನೀತ್ ರಾಜಕುಮಾರ್ ಅವರದು. 2021ರ ಅಕ್ಟೋಬರ್ 29ರ ನಂತರ ಆ ಮುಖವನ್ನು ಕಾಣಲು ಇಂಥ ಹಾಡುಗಳೇ ನಮಗೆ ಉಳಿದ ದಾರಿ. ಅದರ ಪದ ಕಾಯ್ಕಿಣಿಯವರದು, ರಾಗ ಮನೋಮೂರ್ತಿಯವರದು, ವಾದ್ಯ ನುಡಿಸಿದವರು ಹೆಸರಿಲ್ಲದ ಎಷ್ಟೋ ಜನ. ಒಂದು ದನಿ ತಪ್ಪಿ ಆಡಿದ್ದಕ್ಕೆ ಇವರೆಲ್ಲರ ಖಾತೆ ಮುಚ್ಚುವುದು ನ್ಯಾಯವಲ್ಲ. ಗಾಯಕರನ್ನು ಪ್ರಶ್ನಿಸೋಣ, ಮುಂದಿನ ಹಾಡಿಗೆ ಅವರನ್ನು ಕರೆಯುವುದೋ ಬೇಡವೋ ಅದೂ ನಿರ್ಮಾಪಕರಿಗೆ ಬಿಟ್ಟದ್ದು. ಆಗಿಹೋದ ಹಾಡು ಮಾತ್ರ ಅವರ ಸೊತ್ತಾಗಿ ಉಳಿದಿಲ್ಲ. ಹದಿನೇಳು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಭಾವ, ವಿಜಾಪುರದವರು, ನಾನು ಮೂವರೂ ತಪ್ಪಿದ್ದೆವು. ರಿಮೋಟು ಒತ್ತಿ ಮತ್ತೊಮ್ಮೆ ಹಾಕಿದವಳದು ಸರಿಯಿತ್ತು.

“ತೆಗೀಬೇಡ. ಆದರೆ ಇನ್ನು ಮೇಲೆ ಕನ್ನಡದಲ್ಲಿ ಬರೆದುಕೊಂಡು ಕೇಳು” ಎಂದೆ. ಹದಿನೈದು ದಿನ ಬಿಟ್ಟು ಫೋನಿಗೆ ಒಂದು ಫೋಟೋ ಬಂತು. ರೂಲ್ ಹಾಕಿದ ಹಾಳೆ, ಒಂದನೇ ಕ್ಲಾಸಿನ ಮಕ್ಕಳಂತೆ ದಪ್ಪ ದಪ್ಪ ಅಕ್ಷರ. ‘ನಿನ್ನಿಂದಲೇ’ಯ ‘ನ್ನಿ’ಗೆ ಒತ್ತು ಬಿಟ್ಟುಹೋಗಿತ್ತು. ಕೆಂಪು ಪೆನ್ನು ಹುಡುಕಲು ಹೋಗದೆ, ಅಂದು ಆ ಅಜ್ಜಿ ನಕ್ಕ ಹಾಗೆ ನಾನೂ ನಕ್ಕು, ಒತ್ತು ಹಾಕಿ ಬರೆದು ಕಳಿಸಿದೆ.